ಜಿಗ್‌ಬೀಗೂ ವೈಫೈಗೂ ಒಂದೇ ದಾರಿ

ಪುಣೆಯ ನಮ್ಮ ಫ್ಲ್ಯಾಟ್‌ನಲ್ಲಿ ಅಪ್ಪ ರಾತ್ರಿ ಎದ್ದರೆ ಹಾಲ್ ಲೈಟು ತಾನೇ ಹತ್ತಬೇಕು. ಸೆನ್ಸರಿನ ಸಿಗ್ನಲ್ ತಪ್ಪಿದ್ರೆ ಅವರು ಕತ್ತಲಲ್ಲೇ ನಡೀಬೇಕು. ಸೆನ್ಸರಿನ ಜಿಗ್‌ಬೀ, ರೂಟರಿನ ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡಾಡ್ತವೆ. ಅದಕ್ಕೇ ನಾನು ಮೊದಲು ನೋಡೋದು ಚಾನೆಲ್. 20 ಮೆಗಾಹರ್ಟ್ಸ್ ಅಗಲದ ವೈಫೈ 11ನೇ ಚಾನೆಲ್ ಸುಮಾರು 2472 ಮೆಗಾಹರ್ಟ್ಸ್‌ವರೆಗೆ ಜಾಗ ಹಿಡಿಯುತ್ತೆ. ಜಿಗ್‌ಬೀಯ 25ನೇ ಚಾನೆಲ್ ಇರೋದು 2475ರಲ್ಲಿ, ಅದರಾಚೆ. 26 ಇನ್ನೂ ದೂರ, ಆದ್ರೆ ಕೆಲವು ಸಾಧನಗಳಿಗೆ ಅದು ಆಗಿಬರಲ್ಲ. ರೂಟರನ್ನು ‘ಆಟೋ’ದಲ್ಲಿ ಬಿಡದೆ 1ಕ್ಕೆ ಕಟ್ಟಿಹಾಕಿ.

ಇನ್ನು ಜಿಗ್‌ಬೀ ಡಾಂಗಲ್. ಯುಎಸ್‌ಬಿ 3.0 ಪೋರ್ಟ್ ಕೂಡ ಇದೇ 2.4ರಲ್ಲಿ ಗದ್ದಲ ಎಬ್ಬಿಸುತ್ತೆ. ಡಾಂಗಲನ್ನು ಅಲ್ಲೇ ಸಿಕ್ಕಿಸೋದಂದ್ರೆ ಮದುವೆಮನೆ ವಾಲಗದ ಪಕ್ಕ ನಿಂತು ಪಿಸುಮಾತು ಕೇಳಿಸ್ಕೊಂಡ ಹಾಗೆ. 2.0 ಪೋರ್ಟಿಗೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಡಾಂಗಲನ್ನು ರೂಟರಿನಿಂದಲೂ ದೂರ ಇಡಿ. ಚಾನೆಲ್ ಬದಲಿಸಿದ ಮೇಲೆ ಕೆಲವು ಸೆನ್ಸರ್‌ಗಳನ್ನು ಮತ್ತೆ ಪೇರ್ ಮಾಡಬೇಕಾಗಬಹುದು.