ತೋರಾ ವಾರವಾಚನ ಮತ್ತು ಚಲ್ಪಹಾದನ ಹೆಣ್ಣುಮಕ್ಕಳ ಪ್ರಸಂಗ

ಮೋಶೆಯ ಐದು ಗ್ರಂಥಗಳೆಂದು ಪ್ರಸಿದ್ಧವಾದ ತೋರಾವನ್ನು ಯೆಹೂದಿ ಸಮುದಾಯವು 54 ಭಾಗಗಳಾಗಿ ವಿಂಗಡಿಸಿಕೊಂಡಿದೆ. ಇಂತಹ ಒಂದೊಂದು ಭಾಗಕ್ಕೆ ‘ಪರಾಷಾ’ ಎಂದು ಹೆಸರು. ಸಬ್ಬತ್ ದಿನವಾದ ಶನಿವಾರದ ಬೆಳಿಗ್ಗೆ ಸಭಾಮಂದಿರದಲ್ಲಿ ಆಯಾ ವಾರದ ಪರಾಷಾವನ್ನು ಸಾರ್ವಜನಿಕವಾಗಿ ವಾಚಿಸಲಾಗುತ್ತದೆ. ವರ್ಷದ ಕೊನೆಗೆ ‘ಸಿಮ್ಖತ್ ತೋರಾ’ ಹಬ್ಬದಂದು ಧರ್ಮೋಪದೇಶಕಾಂಡದ ಅಂತ್ಯಭಾಗವನ್ನು ಓದಿ ಮುಗಿಸಿದೊಡನೆಯೇ ಆದಿಕಾಂಡದ ಆರಂಭವನ್ನು ಓದಿ ಹೊಸ ಆವರ್ತಕ್ಕೆ ತೊಡಗುತ್ತಾರೆ. ಈ ವಾರವಾಚನ ಪದ್ಧತಿಯು ಒಂದು ಪ್ರಾಚೀನ ಪಠ್ಯವನ್ನು ವರ್ತಮಾನಕ್ಕೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ‘ಫೀನೆಹಾಸ’ ಎಂಬ ಪರಾಷಾದ ಒಂದು ಪ್ರಸಂಗದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪದ್ಧತಿಯ ಬೇರುಗಳು ಬಹು ಹಳೆಯವು. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಎಜ್ರನು ನೆರೆದ ಗಂಡಸರ ಹಾಗೂ ಹೆಂಗಸರ ಮುಂದೆ ಧರ್ಮಶಾಸ್ತ್ರವನ್ನು ಓದಿಸಿದ ಮತ್ತು ಅದರ ಅರ್ಥವನ್ನು ತಿಳಿಯಪಡಿಸಿದ ವರ್ಣನೆಯಿದೆ. ಸೋಮವಾರ ಮತ್ತು ಗುರುವಾರಗಳಂದೂ ಕಿರುವಾಚನ ನಡೆಯುತ್ತದೆ. ಪ್ರಾಚೀನ ಕಾಲದಲ್ಲಿ ಅವು ಹಳ್ಳಿಗರು ಪಟ್ಟಣಕ್ಕೆ ಬರುತ್ತಿದ್ದ ಸಂತೆಯ ದಿನಗಳು. ಪ್ಯಾಲೆಸ್ತೀನಿನಲ್ಲಿ ಸುಮಾರು ಮೂರು ವರ್ಷಗಳ ಆವರ್ತವೂ ಬ್ಯಾಬಿಲೋನಿಯಾದಲ್ಲಿ ಒಂದು ವರ್ಷದ ಆವರ್ತವೂ ರೂಢಿಯಲ್ಲಿದ್ದವು. ಕಾಲಾಂತರದಲ್ಲಿ ಒಂದು ವರ್ಷದ ಆವರ್ತವೇ ವ್ಯಾಪಕವಾಗಿ ನೆಲೆಗೊಂಡಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಲಿಖಿತ ಮತ್ತು ಮೌಖಿಕಗಳ ಸಂಬಂಧ. ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆದ ಪಠ್ಯದಲ್ಲಿ ಸ್ವರಚಿಹ್ನೆಗಳಿರುವುದಿಲ್ಲ, ರಾಗದ ಗುರುತುಗಳೂ ಇರುವುದಿಲ್ಲ. ವಾಚಕನು ಉಚ್ಚಾರಣೆ ಮತ್ತು ರಾಗಗಳೆರಡನ್ನೂ ಕಲಿತು ನೆನಪಿನಲ್ಲಿಟ್ಟುಕೊಂಡು ಬರಬೇಕು. ಆದರೆ ಬಾಯಿಪಾಠವಾಗಿ ಒಪ್ಪಿಸುವಂತಿಲ್ಲ, ಸುರುಳಿಯನ್ನು ನೋಡಿಯೇ ಓದಬೇಕು. ಇದಕ್ಕೆ ಪ್ರತಿಯಾಗಿ, ಹಿಂದೆ ಹೀಬ್ರೂ ಪಠ್ಯವನ್ನು ವಾಕ್ಯವಾಕ್ಯವಾಗಿ ಅರಮಾಯಿಕ್ ಭಾಷೆಗೆ ತಿರುಗಿಸುತ್ತಿದ್ದ ಅನುವಾದಕನು ಬರಹವನ್ನು ನೋಡದೆ ಬಾಯಿಂದಲೇ ಹೇಳಬೇಕಾಗಿತ್ತು. ಯೆಮೆನ್ ಮೂಲದ ಯೆಹೂದಿಗಳಲ್ಲಿ ಈ ಅನುವಾದ ಸಂಪ್ರದಾಯ ಇಂದಿಗೂ ಉಳಿದುಕೊಂಡಿದೆ. ಮೂಲವು ಒಂದಕ್ಷರವೂ ಕದಲದಂತೆ ನಿಂತಿರುತ್ತದೆ. ಅರ್ಥವು ಮಾತ್ರ ಮಾತಿನ ಮೂಲಕ ಮತ್ತೆ ಮತ್ತೆ ಹುಟ್ಟುತ್ತದೆ.

‘ಫೀನೆಹಾಸ’ ಪರಾಷಾ ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ಬರುತ್ತದೆ. ಇದರಲ್ಲಿ ಅಡಕವಾದ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಮನಸ್ಸೆ ಕುಲದ ಚಲ್ಪಹಾದನ ಐವರು ಹೆಣ್ಣುಮಕ್ಕಳಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ ಮತ್ತು ತಿರ್ಚಾ ಎಂಬುವರು ಸಮಸ್ತ ಸಭೆಯ ಎದುರು ಮೋಶೆಯ ಮುಂದೆ ನಿಲ್ಲುತ್ತಾರೆ. ಗಂಡುಮಕ್ಕಳಿಲ್ಲದೆ ತೀರಿಕೊಂಡ ತಂದೆಯ ಹೆಸರು ಕುಲದಿಂದ ಏಕೆ ಅಳಿಯಬೇಕೆಂದು ಕೇಳಿ, ಭೂಮಿಯಲ್ಲಿ ಪಾಲು ಬೇಡುತ್ತಾರೆ. ಮೋಶೆಗೆ ಉತ್ತರ ಹೊಳೆಯುವುದಿಲ್ಲ. ಅವನು ವಿಷಯವನ್ನು ದೇವರ ಸನ್ನಿಧಿಗೆ ಒಯ್ಯುತ್ತಾನೆ. ಅವರ ಬೇಡಿಕೆ ನ್ಯಾಯವಾದುದೆಂಬ ತೀರ್ಪು ದೊರೆತು, ಗಂಡುಮಕ್ಕಳಿಲ್ಲದವನ ಸ್ವಾಸ್ತ್ಯವು ಹೆಣ್ಣುಮಕ್ಕಳಿಗೆ ಸಲ್ಲಬೇಕೆಂಬ ಕಟ್ಟಳೆ ಹುಟ್ಟುತ್ತದೆ. ಸಾಮಾನ್ಯ ಜನರ ಪ್ರಶ್ನೆಯಿಂದ ಹೊಸ ಶಾಸನವೊಂದು ಮೂಡಿದ ಅಪೂರ್ವ ನಿದರ್ಶನವಿದು.

ಪ್ರಸಂಗವು ಇಲ್ಲಿಗೇ ಮುಗಿಯುವುದಿಲ್ಲ. 36ನೆಯ ಅಧ್ಯಾಯದಲ್ಲಿ ಅದೇ ಕುಲದ ಹಿರಿಯರು ಬಂದು, ಈ ಹೆಣ್ಣುಮಕ್ಕಳು ಬೇರೆ ಕುಲದವರನ್ನು ಮದುವೆಯಾದರೆ ಭೂಮಿಯು ಕುಲದ ಕೈತಪ್ಪುವುದೆಂದು ಆಕ್ಷೇಪಿಸುತ್ತಾರೆ. ತಂದೆಯ ಕುಲದೊಳಗೇ ಮದುವೆಯಾಗಬೇಕೆಂಬ ನಿರ್ಬಂಧ ಬರುತ್ತದೆ. ಸೋದರಿಯರು ತಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೇ ವರಿಸುತ್ತಾರೆ. ವಾಚನಕ್ರಮದಲ್ಲಿ ಈ ಅಧ್ಯಾಯವು ಮುಂದಿನ ಒಂದೆರಡು ವಾರಗಳಲ್ಲಿಯೇ ಬರುವುದರಿಂದ, ಹಕ್ಕು ದೊರೆತುದನ್ನೂ ಅದು ಮೊಟಕಾದುದನ್ನೂ ಕೇಳುಗರು ಬೆನ್ನುಬೆನ್ನಿಗೆ ಕೇಳುತ್ತಾರೆ.

ಈ ಕಥನದ ಹಿಂದೆ ಭೂಮಿಯ ನೆನಪೊಂದು ಇರುವಂತಿದೆ. 1910ರಲ್ಲಿ ಸಮಾರ್ಯದ ಉತ್ಖನನದಲ್ಲಿ ದೊರೆತ, ಕ್ರಿ.ಪೂ. 8ನೆಯ ಶತಮಾನಕ್ಕೆ ಸೇರಿದ ಮಡಕೆಚೂರುಗಳ ಮೇಲೆ ಎಣ್ಣೆ ಮತ್ತು ದ್ರಾಕ್ಷಾರಸಗಳ ಲೆಕ್ಕವಿದೆ. ಅವುಗಳಲ್ಲಿ ಹೊಗ್ಲಾ ಮತ್ತು ನೋವಾ ಎಂಬ ಹೆಸರುಗಳು ಮನಸ್ಸೆ ಕುಲದ ಸೀಮೆಯ ಪ್ರದೇಶಗಳ ಹೆಸರುಗಳಾಗಿ ಕಾಣಿಸಿಕೊಳ್ಳುತ್ತವೆ. ನೆಲದ ಒಡೆತನವನ್ನು ಸಮರ್ಥಿಸುವ ಸ್ಥಳೀಯ ಐತಿಹ್ಯವು ಶಾಸ್ತ್ರಗ್ರಂಥದೊಳಗೆ ಸೇರಿಕೊಂಡಿರಬಹುದೆಂದು ಊಹಿಸಲು ಇದು ಆಸ್ಪದ ನೀಡುತ್ತದೆ.

ತಾಲ್ಮುದ್‌ನ ಪಂಡಿತರು ಈ ಸೋದರಿಯರನ್ನು ವಿವೇಕಿಗಳೆಂದೂ ಶಾಸ್ತ್ರಾರ್ಥ ಬಲ್ಲವರೆಂದೂ ಹೊಗಳಿದ್ದಾರೆ. ಮದುವೆಯ ನಿರ್ಬಂಧವು ಆ ಒಂದು ಪೀಳಿಗೆಗೆ ಮಾತ್ರ ಅನ್ವಯವೆಂದು ವ್ಯಾಖ್ಯಾನಿಸಿ, ಅದು ತೆರವಾದ ದಿನವನ್ನು ಆವ್ ಮಾಸದ 15ನೆಯ ದಿನದ ಹಬ್ಬದೊಂದಿಗೆ ಸಂಬಂಧಿಸಿದ್ದಾರೆ. ಆದರೆ ಗಂಡುಮಕ್ಕಳಿದ್ದಲ್ಲಿ ಹೆಣ್ಣಿಗೆ ಪಾಲಿಲ್ಲವೆಂಬ ಮೂಲ ನಿಯಮ ಹಾಗೆಯೇ ಉಳಿಯಿತು. ಮಧ್ಯಯುಗದ ಯೂರೋಪಿನ ಯೆಹೂದಿಗಳು ಇದಕ್ಕೊಂದು ಉಪಾಯ ಕಂಡುಕೊಂಡರು. ತಂದೆಯು ಮಗಳಿಗೆ ದೊಡ್ಡ ಮೊತ್ತದ ಸಾಲಪತ್ರವೊಂದನ್ನು ಬರೆದುಕೊಡುತ್ತಿದ್ದನು. ಅವನ ಮರಣಾನಂತರ ಗಂಡುಮಕ್ಕಳು ಆ ಸಾಲ ತೀರಿಸಬೇಕು, ಇಲ್ಲವೇ ಗಂಡಿನ ಪಾಲಿನ ಅರ್ಧವನ್ನು ಸೋದರಿಗೆ ಕೊಡಬೇಕು. ಹೀಗೆ ಕಟ್ಟಳೆಯ ಅಕ್ಷರವನ್ನು ಮುಟ್ಟದೆ ಅದರ ಫಲವನ್ನು ಬದಲಿಸಲಾಯಿತು. ಇಸ್ರೇಲಿನ 1965ರ ಉತ್ತರಾಧಿಕಾರ ಕಾಯಿದೆಯು ಗಂಡು ಹೆಣ್ಣು ಮಕ್ಕಳಿಗೆ ಸಮಾನ ಪಾಲನ್ನು ವಿಧಿಸಿತು.

ಪಾಲಿನ ಪ್ರಶ್ನೆಯ ಜೊತೆಗೇ ವಾಚನದ ಪ್ರಶ್ನೆಯೂ ಇದೆ. ಸಭೆಯ ಎದುರು ನಿಂತು ಮಾತನಾಡಿದ ಐವರು ಹೆಂಗಸರ ಕಥೆಯನ್ನು ಶತಮಾನಗಳ ಕಾಲ ಸಭೆಯಲ್ಲಿ ಗಂಡಸರೇ ಓದಿದರು. 1922ರಲ್ಲಿ ನ್ಯೂಯಾರ್ಕಿನಲ್ಲಿ ಹನ್ನೆರಡು ವರ್ಷದ ಜೂಡಿತ್ ಕಪ್ಲಾನ್ ಸಭಾಮಂದಿರದಲ್ಲಿ ತೋರಾದ ಭಾಗವೊಂದನ್ನು ಓದಿದಾಗಲೂ ಸುರುಳಿಯಿಂದ ಓದಲಿಲ್ಲ, ಮುದ್ರಿತ ಪುಸ್ತಕದಿಂದ ಓದಿದರು. ಇಂದು ಸುಧಾರಣಾವಾದಿ ಸಭೆಗಳಲ್ಲಿ ಮಹಿಳೆಯರು ಸುರುಳಿಯಿಂದಲೇ ಓದುತ್ತಾರೆ. ಸಂಪ್ರದಾಯನಿಷ್ಠ ಸಭೆಗಳಲ್ಲಿ ಈ ಚರ್ಚೆ ಮುಂದುವರಿದಿದೆ. ಸುರುಳಿಯ ಹೊರಗೆ ಮಾತ್ರ ಹೆಣ್ಣಿನ ದನಿ ಎಂದೂ ಇಲ್ಲದಿರಲಿಲ್ಲ. ನಮ್ಮ ನೆರೆಯ ಕೊಚ್ಚಿಯ ಯೆಹೂದಿ ಮಹಿಳೆಯರು ಶಾಸ್ತ್ರಗ್ರಂಥದ ಕಥೆಗಳನ್ನು ಮಲಯಾಳಂ ಹಾಡುಗಳಾಗಿ ಕಟ್ಟಿ, ಕೈಬರಹದ ಪುಸ್ತಕಗಳಲ್ಲಿ ಉಳಿಸಿಕೊಂಡು, ಮದುವೆ ಹಬ್ಬಗಳಲ್ಲಿ ಹಾಡುತ್ತಿದ್ದರು. ಅವರಲ್ಲಿ ಬಹುಪಾಲು ಜನ 1950ರ ದಶಕದಲ್ಲಿ ಇಸ್ರೇಲಿಗೆ ವಲಸೆ ಹೋದಾಗ ಈ ಹಾಡುಗಳೂ ಅವರೊಂದಿಗೆ ಸಾಗಿದವು.

ಪವಿತ್ರಗ್ರಂಥಗಳ ಆಧುನಿಕ ಪ್ರಸ್ತುತತೆಯನ್ನು ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಇಂದಿನ ಅಭಿಪ್ರಾಯಗಳಿಗೆ ಒಪ್ಪುವ ವಾಕ್ಯಗಳನ್ನು ಆರಿಸಿ ತೋರಿಸಲಾಗುತ್ತದೆ. ವಾರವಾಚನವು ಇಂತಹ ಆಯ್ಕೆಗೆ ಅವಕಾಶ ಕೊಡುವುದಿಲ್ಲ. ಒಪ್ಪಿಗೆಯಾದ ಅಧ್ಯಾಯದ ಹಿಂದೆಯೇ ಒಪ್ಪಲಾಗದ ಅಧ್ಯಾಯವೂ ಸರದಿಯಂತೆ ಬರುತ್ತದೆ, ಅದನ್ನೂ ದನಿಯೆತ್ತಿ ಓದಲೇಬೇಕು. ಚಲ್ಪಹಾದನ ಹೆಣ್ಣುಮಕ್ಕಳಿಗೆ ದೊರೆತ ಉತ್ತರ ಅರೆಯಾದುದು. ಅವರ ಪ್ರಶ್ನೆ ಮಾತ್ರ ಪ್ರತಿ ವರ್ಷ ಹೊಸ ಕೇಳುಗರ ಮುಂದೆ ಪೂರ್ಣವಾಗಿಯೇ ಬಂದು ನಿಲ್ಲುತ್ತದೆ. ಈ ಪ್ರಸಂಗದ ಪ್ರಸ್ತುತತೆಯನ್ನು ನಾನು ಗುರುತಿಸುವುದು ಆ ಪುನರಾವರ್ತನೆಯಲ್ಲಿ. ಆದ್ದರಿಂದ ಇಂತಹ ಗ್ರಂಥಗಳನ್ನು ಅಭ್ಯಸಿಸುವವರು ಪಠ್ಯದೊಂದಿಗೆ ಅದನ್ನು ಓದುವ ದಿನ, ಓದುವವರು ಮತ್ತು ಕೇಳುವವರನ್ನೂ ಅಧ್ಯಯನದ ವ್ಯಾಪ್ತಿಗೆ ತಂದುಕೊಳ್ಳುವುದು ಅಗತ್ಯವೆನ್ನಬಹುದು.