ಕಡಲ ದಂಡೆಯಲ್ಲಿ ಡೇರೆ ಹೂಡುವ ಮುನ್ನ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತದ ಲೆಕ್ಕ ಚುಕ್ತಾ ಆಗಿ, ಮೆಣಸು ಅಂಗಳದಿಂದ ಚೀಲಕ್ಕೆ ಸೇರಿದ ಮೇಲೆ ಬೆಳೆಗಾರನ ಮನೆಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಈ ಸಲ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಘಟ್ಟದ ಮೇಲಿನ ನಮಗೆ ಉತ್ತರ ದೂರದಲ್ಲಿಲ್ಲ. ಮೂಡಿಗೆರೆಯವರು ಚಾರ್ಮಾಡಿ ಇಳಿದರೆ, ಸಕಲೇಶಪುರದವರು ಶಿರಾಡಿ ಇಳಿದರೆ, ಶೃಂಗೇರಿ ಕಡೆಯವರು ಆಗುಂಬೆ ಇಳಿದರೆ, ಶಿರಸಿಯವರು ದೇವಿಮನೆ ಘಟ್ಟ ಇಳಿದರೆ ಅದೇ ದಿನ ಸಂಜೆಯೊಳಗೆ ಕಡಲು ಕಾಣುತ್ತದೆ. ಹಿಂದೆ ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೋದವರು ಹಾಗೆಯೇ ಸಮುದ್ರಕ್ಕೆ ಕಾಲು ತೋಯಿಸಿ ಬರುತ್ತಿದ್ದರು. ಈಗ ದಂಡೆಯ ಮೇಲೆಯೇ ಡೇರೆ ಹಾಕಿ ಒಂದೆರಡು ರಾತ್ರಿ ಕಳೆಯುವ ಹುರುಪು ಹೆಚ್ಚಿದೆ. ಹುರುಪು ಒಳ್ಳೆಯದೇ. ಖರ್ಚು ಕಡಿಮೆ, ಮಕ್ಕಳಿಗೆ ಸಂತೋಷ. ಆದರೆ ಜಾಗವನ್ನು ಆರಿಸುವ ರೀತಿ ಮಾತ್ರ ಸರಿಯಿಲ್ಲ ಎಂದು ನನಗೆ ತೋರುತ್ತದೆ. ಮೊಬೈಲಿನಲ್ಲಿ ಬಂದ ಒಂದು ಸೂರ್ಯಾಸ್ತದ ಚಿತ್ರ ನೋಡಿ ಹಣ ಕಟ್ಟಿಬಿಡುತ್ತಾರೆ. ನರ್ಸರಿಗೆ ಜಾಗ ನೋಡುವಾಗ ನಾವು ಹೀಗೆ ಮಾಡುತ್ತೇವೆಯೇ? ಇಳಿಜಾರು ಎತ್ತ, ಮಳೆನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯದು, ಬೇಸಗೆಗೆ ಬಾವಿ ಬತ್ತುತ್ತದೆಯೇ ಎಂದೆಲ್ಲ ವಿಚಾರಿಸಿ ಆಮೇಲೆ ತಾನೆ ಪಾತಿ ಕಟ್ಟುವುದು? ಕಡಲ ದಂಡೆಗೂ ಅದೇ ಕಣ್ಣು ಬೇಕು. ಡೇರೆಯ ಬಾಗಿಲಿನಿಂದ ಸಮುದ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ಕೊನೆಯ ಪ್ರಶ್ನೆ. ನೀರು ಎಲ್ಲಿಯವರೆಗೆ ಬರುತ್ತದೆ, ಬಂದ ನೀರು ಹೇಗೆ ಹಿಂದಿರುಗುತ್ತದೆ ಎಂಬುದು ಮೊದಲ ಪ್ರಶ್ನೆ.

ಹೊರಡುವ ಹೊತ್ತು

ನಮ್ಮ ಕರಾವಳಿ ಅತ್ಯಂತ ಸೌಮ್ಯವಾಗಿರುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ನಮಗೆ ಪುರುಸೊತ್ತಿಲ್ಲದಿರುವುದೂ ಆಗಲೇ! ಅರೇಬಿಕಾ ಮುಗಿಯಿತೆನ್ನುವಾಗ ರೊಬಸ್ಟಾ, ಅದರ ಬೆನ್ನಿಗೆ ಮೆಣಸು. ಆದ್ದರಿಂದ ಬಹುಪಾಲು ಬೆಳೆಗಾರರಿಗೆ ಉಳಿಯುವುದು ದಸರೆಯ ರಜೆ, ಇಲ್ಲವೇ ಹೂಮಳೆ ಬಿದ್ದ ಮೇಲಿನ ಮಾರ್ಚ್ ಕೊನೆ ಮತ್ತು ಏಪ್ರಿಲ್. ಎರಡರಲ್ಲಿ ನಾನು ಎರಡನೆಯದನ್ನೇ ಹೇಳುತ್ತೇನೆ. ಅಕ್ಟೋಬರಿನಲ್ಲಿ ಸಂಜೆಯ ಗುಡುಗು ಮಳೆ ಇನ್ನೂ ನಿಂತಿರುವುದಿಲ್ಲ. ಅರಬ್ಬೀ ಸಮುದ್ರದ ಚಂಡಮಾರುತಗಳಿಗೂ ಮಳೆಗಾಲದ ಹಿಂದುಮುಂದಿನ ತಿಂಗಳುಗಳೇ ಪ್ರಶಸ್ತ. 2019ರ ಅಕ್ಟೋಬರಿನ ‘ಕ್ಯಾರ್’, 2021ರ ಮೇ ತಿಂಗಳ ‘ತೌಕ್ತೆ’ ಎರಡೂ ನಮ್ಮ ಕರಾವಳಿಗೆ ನೇರವಾಗಿ ಬಡಿಯದೆ ದೂರದಿಂದಲೇ ಹಾದುಹೋದವು. ಆದರೂ ಅಲೆಗಳು ದಂಡೆಯನ್ನು ಕೊರೆದವು. ಮೇ ತಿಂಗಳನ್ನು ಬಿಟ್ಟುಬಿಡುವುದೇ ಲೇಸು. ಹೇಗೂ ಆಗ ಬೋರ್ಡೋ ದ್ರಾವಣದ ಚಿಂತೆ ತಲೆಯೇರಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗಂತೂ ಆ ಮಾತೇ ಬೇಡ. ಯಾಂತ್ರೀಕೃತ ದೋಣಿಗಳು ಕೂಡ ಜೂನ್ ಮತ್ತು ಜುಲೈ ಪೂರ್ತಿ ಕಡಲಿಗಿಳಿಯುವಂತಿಲ್ಲ.

ಬೇಸಗೆಯಲ್ಲಿ ಇನ್ನೊಂದು ವಿಚಿತ್ರವುಂಟು. ಗಾಳಿಯಿಲ್ಲ, ಮೋಡವಿಲ್ಲ, ಆದರೂ ಸಮುದ್ರ ಏಕಾಏಕಿ ಉಕ್ಕಿ ದಂಡೆಯ ಮೇಲೇರುತ್ತದೆ. ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರು ಉರುಳಿಕೊಂಡು ಬಂದು ಇಲ್ಲಿ ತಲೆಯೆತ್ತುವುದರಿಂದ ಹೀಗಾಗುತ್ತದೆ. ಹೇಳದೆ ಕೇಳದೆ ಬರುವುದರಿಂದ ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎಂದು ಕರೆದಿದ್ದಾರೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಈ ಬಗ್ಗೆ ಮುನ್ಸೂಚನೆ ಕೊಡುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಹೊರಡುವ ಹಿಂದಿನ ದಿನ ಅಷ್ಟನ್ನು ನೋಡಿಕೊಳ್ಳುವುದು ಕಷ್ಟವಲ್ಲ.

ಪಂಚಾಂಗವನ್ನೂ ಒಮ್ಮೆ ತೆಗೆಯಿರಿ. ಮುಹೂರ್ತಕ್ಕಲ್ಲ, ತಿಥಿಗೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು, ಅದರ ಮುಂದಿನ ಒಂದೆರಡು ದಿನ ಉಬ್ಬರ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಬೆಳದಿಂಗಳಿನಲ್ಲಿ ಸಮುದ್ರ ನೋಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ನೋಡಿ, ಅಡ್ಡಿಯಿಲ್ಲ. ಆದರೆ ನೀರು ಅತಿ ಮೇಲೆ ಬರುವ ರಾತ್ರಿಯೂ ಅದೇ ಎಂಬುದು ನೆನಪಿರಲಿ.

ನೆಲ ನೋಡುವುದು

ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಎರಡು ಉಬ್ಬರಗಳು ಸಮನಾಗಿರುವುದಿಲ್ಲ, ಒಂದು ದೊಡ್ಡದು, ಒಂದು ಚಿಕ್ಕದು. ಹಗಲಿನ ಉಬ್ಬರ ನೋಡಿ, ನೀರು ಇಷ್ಟೇ ಎಂದು ಕೋಲು ನೆಟ್ಟು ಡೇರೆ ಹಾಕಿದವನ ಹಾಸಿಗೆ ರಾತ್ರಿಯ ಉಬ್ಬರಕ್ಕೆ ತೋಯುವುದು ಹೀಗೆಯೇ.

ಹಾಗಾದರೆ ಗುರುತು ಯಾವುದು? ಮರಳಿನ ಮೇಲೆ ಚಿಪ್ಪು, ಕಡ್ಡಿ, ಪಾಚಿ, ಪ್ಲಾಸ್ಟಿಕ್ಕಿನ ಚೂರು ಸಾಲಾಗಿ ಬಿದ್ದ ಗೆರೆ ಕಾಣುತ್ತದೆ. ಅದು ನಿನ್ನೆಯ ನೀರು ಮುಟ್ಟಿದ ಜಾಗ. ಅದರಿಂದ ಮೇಲಕ್ಕೆ, ಸ್ವಲ್ಪ ಒಣಗಿ ಬೆಳ್ಳಗಾದ ಇನ್ನೊಂದು ಗೆರೆ ಇರುತ್ತದೆ, ಅದು ಹೋದ ಅಮಾವಾಸ್ಯೆ ಅಥವಾ ಹುಣ್ಣಿಮೆಯದು. ಅದಕ್ಕೂ ಮೇಲೆ ನೇರಳೆ ಹೂ ಬಿಡುವ ಬಳ್ಳಿಯೊಂದು ಮರಳನ್ನು ಅಪ್ಪಿಕೊಂಡು ಹಬ್ಬಿರುತ್ತದೆ. ಪದೇ ಪದೇ ಅಲೆ ಬಡಿಯುವಲ್ಲಿ ಆ ಬಳ್ಳಿ ನಿಲ್ಲದು. ಡೇರೆ ಆ ಬಳ್ಳಿಗಿಂತ ಹಿಂದೆ ಇರಬೇಕು, ಅದನ್ನು ಕಿತ್ತು ಅದರ ಜಾಗದಲ್ಲಿ ಅಲ್ಲ. ಮರಳು ಹಾರಿಹೋಗದಂತೆ ಹಿಡಿದಿರುವುದೇ ಆ ಬಳ್ಳಿ. ನಮ್ಮಲ್ಲಿ ಹಳ್ಳದ ದಂಡೆಯನ್ನು ಲಾವಂಚ ಹಿಡಿದಂತೆ.

ಮರಳ ದಿಣ್ಣೆಯನ್ನು ಗುದ್ದಲಿಯಿಂದ ನೇರವಾಗಿ ಕಡಿದ ಹಾಗೆ ಕಾಣುತ್ತಿದ್ದರೆ, ತೆಂಗಿನ ಬುಡದ ಬೇರು ಗಾಳಿಯಲ್ಲಿ ತೂಗುತ್ತಿದ್ದರೆ, ಅಲ್ಲಿ ಕಡಲು ನೆಲವನ್ನು ತಿನ್ನುತ್ತಿದೆ ಎಂದೇ ಅರ್ಥ. ಮುಂದಕ್ಕೆ ನಡೆಯಿರಿ. ತೆಂಗಿನ ಮರದ ಕೆಳಗಿನ ನೆರಳು ಎಷ್ಟೇ ತಂಪಿರಲಿ, ಅಲ್ಲಿ ಮಲಗುವ ಜಾಗ ಬೇಡ. ಅಡಿಕೆ ತೋಟದಲ್ಲಿ ಸೋಗೆ ಕಳಚಿ ಬೀಳುವ ಸದ್ದು ಕೇಳಿದವರಿಗೆ ತೆಂಗಿನ ಕಾಯಿಯ ವಿಷಯ ಬೇರೆ ಹೇಳಬೇಕಾಗಿಲ್ಲ. ಗಾಳಿಮರದ ತೋಪು ಸಿಕ್ಕಿದರೆ ಉತ್ತಮ.

ಬಾವಿಯ ನೀರನ್ನು ಮೊದಲು ನೀವೇ ಕುಡಿದು ನೋಡಿ. ದಂಡೆಯಲ್ಲಿ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ಪದರವಾಗಿ ತೇಲಿರುತ್ತದೆ. ಏಪ್ರಿಲಿನ ಹೊತ್ತಿಗೆ, ಅದರಲ್ಲೂ ಪಂಪು ಹಾಕಿ ಎಳೆದರೆ, ಕೆಳಗಿನದು ಮೇಲೆ ಬರುತ್ತದೆ. ಜನವರಿಯಲ್ಲಿ ಹೋಗಿ ಬಂದವರು ‘ನೀರು ಕಲ್ಕಂಡ’ ಎಂದದ್ದನ್ನು ನಂಬಿ ಏಪ್ರಿಲಿನಲ್ಲಿ ಹೋಗಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬಲೆ ಹೆಣೆಯುತ್ತ ಕುಳಿತ ಹಿರಿಯರೊಬ್ಬರನ್ನು ವಿಚಾರಿಸುವುದು. ಡೇರೆ ಬಾಡಿಗೆಗೆ ಕೊಡುವವನು ತನ್ನ ಜಾಗ ಹೊಗಳದೆ ಇನ್ನೇನು ಮಾಡಿಯಾನು? ಮೊಗವೀರರ ಕೇರಿಯ ಅಜ್ಜನಿಗೆ ಅಂಥ ಹಂಗಿಲ್ಲ. “ಅಲ್ಲಿ ಬೇಡ ಮಾರಾಯ್ರೇ, ಅಮಾಸೆಗೆ ನೀರು ಈ ಕಟ್ಟೆವರೆಗೆ ಬರ್ತದೆ” ಎಂದು ಅವರು ಹೇಳಿದರೆ ವಾದಕ್ಕಿಳಿಯದೆ ಗಂಟು ಎತ್ತಿ.

ನೀರಿಗಿಳಿಯುವುದು ಬೇರೆ ಮಾತು

ನನಗೆ ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ಇರುವುದು ಇಲ್ಲಿ. ನಮ್ಮ ಹುಡುಗರು ಈಜು ಬಲ್ಲವರು. ಹೇಮಾವತಿಯಲ್ಲೋ ಭದ್ರೆಯಲ್ಲೋ ತೋಟದ ಕೆರೆಯಲ್ಲೋ ಕಲಿತವರು. ಆ ಧೈರ್ಯವೇ ಕಡಲಲ್ಲಿ ಶತ್ರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆಂದು ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಡಿಸೆಂಬರ್ ಎಂದರೆ ಕಡಲು ಶಾಂತವೆಂದು ನಾವೆಲ್ಲ ನಂಬುವ ತಿಂಗಳು.

ಅಲೆಗಳು ದಡಕ್ಕೆ ನೂಕಿದ ನೀರು ಎಲ್ಲಾದರೂ ಒಂದು ದಾರಿಯಿಂದ ಹಿಂದಿರುಗಲೇಬೇಕು. ನೀರಿನಡಿಯ ಮರಳ ದಿಣ್ಣೆಗಳ ನಡುವೆ ತಗ್ಗು ಸಿಕ್ಕಿದ ಕಡೆ ಅದು ಕಾಲುವೆಯಂತೆ ಹೊರಕ್ಕೆ ಹರಿಯುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆದು ನೊರೆಯಾಗುತ್ತಿದ್ದರೆ, ಈ ಜಾಗದಲ್ಲಿ ಮಾತ್ರ ಅಲೆ ಇಲ್ಲ, ನೊರೆ ಇಲ್ಲ, ನೀರಿನ ಬಣ್ಣ ತುಸು ಕಪ್ಪು. ನೋಡಿದವನಿಗೆ ‘ಇಲ್ಲಿ ಸೌಮ್ಯವಾಗಿದೆ, ಇಲ್ಲೇ ಇಳಿಯೋಣ’ ಎನಿಸುತ್ತದೆ. ಮೋಸ ಇರುವುದೇ ಅಲ್ಲಿ. ಎತ್ತರದ ದಿಣ್ಣೆಯ ಮೇಲೆ ನಿಂತು ಹತ್ತು ನಿಮಿಷ ಸುಮ್ಮನೆ ನೋಡಿದರೆ ಈ ಕಾಲುವೆಗಳು ಕಣ್ಣಿಗೆ ಸಿಗುತ್ತವೆ.

ಸಿಕ್ಕಿಬಿದ್ದರೆ ದಡದತ್ತ ನೇರ ಈಜಬಾರದು. ಎಂಥ ಈಜುಗಾರನೂ ಹಾಗೆ ಮಾಡಿ ಸೋತುಹೋಗುತ್ತಾನೆ. ಈ ಸೆಳೆತ ಅಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ, ಅಷ್ಟೆ. ಸಾಮಾನ್ಯವಾಗಿ ಅದರ ಅಗಲವೂ ಹೆಚ್ಚಿರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಕಡೆ ತಲುಪಿದರೆ ಅಲೆಯೇ ದಡಕ್ಕೆ ತರುತ್ತದೆ. ಕೈಸೋತರೆ ತೇಲುತ್ತ ಕೈಬೀಸುವುದು ಒಳ್ಳೆಯದು. ದಡದಲ್ಲಿದ್ದವರು ಹಿಂದೆಯೇ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮುಳುಗಿದ ಸುದ್ದಿ ಪ್ರತಿವರ್ಷವೂ ಓದುತ್ತೇವೆ. ತೋಟದಲ್ಲಿ ನೀರು ಒಯ್ಯುವ 20 ಲೀಟರಿನ ಖಾಲಿ ಕ್ಯಾನಿಗೆ ಮುಚ್ಚಳ ಬಿಗಿದು, ಉದ್ದದ ಹಗ್ಗ ಕಟ್ಟಿ ದಡದಲ್ಲಿ ಇಟ್ಟುಕೊಳ್ಳಿ. ಎಸೆಯಲು ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ಮನೆಯಲ್ಲಿ ಬೇರೆ ಇಲ್ಲ. 112 ಮತ್ತು 108 ಎರಡೂ ಸಂಖ್ಯೆಗಳು ಎಲ್ಲರ ಬಾಯಲ್ಲಿರಲಿ.

ಯಾವ ದಂಡೆ?

ಇರುವ ಜಾಗ ಮತ್ತು ಮೀಯುವ ಜಾಗ ಒಂದೇ ಆಗಬೇಕೆಂದಿಲ್ಲ. ನನ್ನ ಸಲಹೆಯ ತಿರುಳೂ ಇದೇ. ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು ದಂಡೆಗಳಿಗೆ 2020ರಲ್ಲಿ ‘ನೀಲಿ ಧ್ವಜ’ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಂಥ ಕಡೆ ಈಜಲು ಗುರುತು ಮಾಡಿದ ಜಾಗ, ಕಾವಲಿನವರು, ಶೌಚಾಲಯ ಇರಬೇಕೆಂಬುದು ಆ ಮನ್ನಣೆಯ ನಿಯಮ. ಮಕ್ಕಳನ್ನು ನೀರಿಗಿಳಿಸುವುದಾದರೆ ಹಗಲಿನಲ್ಲಿ ಅಲ್ಲಿಗೆ ಹೋಗಿ. ರಾತ್ರಿ ತಂಗುವುದು ಒಂದೆರಡು ಮೈಲಿ ಆಚೆ, ಯಾರದಾದರೂ ತೋಟದ ಅಂಗಳದಲ್ಲಿ ಆಗಲಿ.

ಉಳ್ಳಾಲದಿಂದ ಕುಂದಾಪುರದವರೆಗಿನ ದಂಡೆ ಬಹುಮಟ್ಟಿಗೆ ಉದ್ದಕ್ಕೆ ನೇರ, ತೆರೆದದ್ದು. ಅಲೆಗೆ ಅಡ್ಡಿಯೇ ಇಲ್ಲ. ಕುಮಟೆಯಿಂದ ಕಾರವಾರದತ್ತ ಹೋದಂತೆ ಗುಡ್ಡಗಳು ಕಡಲಿಗೆ ಚಾಚಿ ನಡುವೆ ಚಿಕ್ಕ ಚಿಕ್ಕ ಕೊಲ್ಲಿಗಳಾಗಿವೆ. ಗೋಕರ್ಣದ ಕುಡ್ಲೆ ಮತ್ತು ಓಂ ದಂಡೆಗಳು ಅಂಥವು. ಅಲೆ ಸ್ವಲ್ಪ ತಗ್ಗು. ಆದರೆ ಬಂಡೆಗಳು ಜಾರುತ್ತವೆ, ಫೋಟೋ ತೆಗೆಯಲೆಂದು ಹತ್ತಿದವರು ಬಿದ್ದಿದ್ದಾರೆ. ಅಲ್ಲಿಂದ ಮುಂದಿನ ಹಾಫ್ ಮೂನ್, ಪ್ಯಾರಡೈಸ್ ದಂಡೆಗಳು ಅತಿ ಸುಂದರ, ಆದರೆ ವಾಹನ ದಂಡೆಯವರೆಗೆ ಬರುವುದಿಲ್ಲ. ವಯಸ್ಸಾದ ತಾಯಿಯನ್ನೋ ಎಳೆಮಗುವನ್ನೋ ಕರೆದುಕೊಂಡು ಅಲ್ಲಿ ರಾತ್ರಿ ಕಳೆಯುವುದನ್ನು ನಾನು ಒಪ್ಪುವುದಿಲ್ಲ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಕಣ್ಣಿಗೆ ಹಬ್ಬ, ಡೇರೆಗೆ ಅಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವೇ ಇಲ್ಲ.

ಅಳಿವೆಗಳ ಬಗ್ಗೆ ಎರಡು ಮಾತು. ಸಸಿಹಿತ್ಲು, ಕೋಡಿ ಬೆಂಗ್ರೆಯಂಥ ಕಡೆ ಹೊಳೆ ಕಡಲು ಸೇರುವ ಮರಳ ನಾಲಿಗೆಯ ಮೇಲೆ ಕುಳಿತರೆ ಏಳಲು ಮನಸ್ಸಾಗದು. ಆದರೆ ಇಳಿತದ ವೇಳೆ ಹೊಳೆಯ ನೀರೂ ಉಬ್ಬರದ ನೀರೂ ಒಟ್ಟಾಗಿ ಹೊರಕ್ಕೆ ನುಗ್ಗುತ್ತವೆ. ಮರಳಿನ ಅಡಿಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಕುಳಿತು ನೋಡಿ, ಇಳಿಯಬೇಡಿ.

ಸಾರ್ವಜನಿಕ ದಂಡೆಯಲ್ಲಿ ಕೇಳದೆ ಡೇರೆ ಹೂಡಿದರೆ ನಡುರಾತ್ರಿ ಎಬ್ಬಿಸಿಯಾರು. ಪಂಚಾಯಿತಿಯಲ್ಲೋ ಠಾಣೆಯಲ್ಲೋ ಮೊದಲೇ ವಿಚಾರಿಸಿ, ಅಥವಾ ಖಾಸಗಿ ಹಿತ್ತಲಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ. ಉತ್ತರ ಕನ್ನಡದ ದಂಡೆಗಳಲ್ಲಿ ಚಳಿಗಾಲದಿಂದ ಬೇಸಗೆಯ ಮೊದಲವರೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಬೆಳಕಿದ್ದತ್ತ ನಡೆಯುತ್ತವೆ. ದಂಡೆಯಲ್ಲಿ ದೊಡ್ಡ ಬೆಂಕಿ ಹಾಕಿದರೆ, ಗ್ಯಾಸ್ ದೀಪ ಉರಿಸಿದರೆ ಅವು ಸಮುದ್ರ ಬಿಟ್ಟು ಆ ಕಡೆಗೇ ಬಂದು ಸಾಯುತ್ತವೆ. ಬೇಲಿ ಕಟ್ಟಿ ಗುರುತು ಹಾಕಿದ ಗೂಡು ಕಂಡರೆ ದೂರವಿರಿ.

ಗೂಟ ಮತ್ತು ಗೋಣಿ

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಇದಕ್ಕೆ ನಮ್ಮ ಬಳಿ ಪರಿಹಾರವಿದೆ. ಹಳೆಯ ಕಾಫಿ ಗೋಣಿಯಲ್ಲಿ ಮರಳು ತುಂಬಿ, ಬಾಯಿ ಕಟ್ಟಿ, ಹಗ್ಗವನ್ನು ಅದಕ್ಕೆ ಬಿಗಿದು ಮೊಳಕಾಲುದ್ದ ಹೂಳಿರಿ. ಮಧ್ಯಾಹ್ನದ ಕಡಲಗಾಳಿಗೆ ಡೇರೆ ಅಲುಗುವುದಿಲ್ಲ. ಬಾಗಿಲು ಗಾಳಿಗೆ ಎದುರಾಗಿ ಬೇಡ, ಓರೆಯಾಗಿರಲಿ. ನಸುಕಿನಲ್ಲಿ ಗಾಳಿ ತಿರುಗಿ ನೆಲದ ಕಡೆಯಿಂದ ಬೀಸುತ್ತದೆ, ಇಬ್ಬನಿಯೂ ಸುರಿಯುತ್ತದೆ. ಮೇಲೊಂದು ಟಾರ್ಪಾಲು ಇದ್ದರೆ ಬೆಚ್ಚಗಿರುತ್ತದೆ. ಜೀಪನ್ನು ಮರಳಿಗಿಳಿಸದೆ ಗಟ್ಟಿ ನೆಲದಲ್ಲೇ ನಿಲ್ಲಿಸಿ. ಊರಿಗೆ ಬಂದ ದಿನವೇ ಅದರ ಅಡಿಭಾಗವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉಪ್ಪಿನ ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ತೋಟದ ಮೋಟಾರು ಹಾಕಲು ಯಾರಿಗೆ ಹೇಳಿ ಹೋಗುವುದೆಂಬುದನ್ನು ಮಾತ್ರ ನೀವೇ ಬಗೆಹರಿಸಿಕೊಳ್ಳಬೇಕು.