ಹ್ಯಾಮರ್ ನಿಂತ ಹೊತ್ತು

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಕೆಮಿಕಲ್ ವಾಸನೆ. ಫೋರ್ಜಿಂಗ್ ಶೆಡ್ಡು ಮಾತ್ರ ಕಾಲಿಗೇ ಗೊತ್ತಾಗುತ್ತದೆ: ಹ್ಯಾಮರ್ ಬಿದ್ದಾಗೆಲ್ಲ ನೆಲ ಅದುರುತ್ತದೆ.

ಒಳಗೆ ಫರ್ನೇಸ್‌ನಲ್ಲಿ ಬಿಲೆಟ್ ಎಂಬ ಉಕ್ಕಿನ ತುಂಡುಗಳು 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದು ಹಳದಿಯಾಗಿವೆ. ಇಕ್ಕಳದಲ್ಲಿ ಎಳೆದು ಡೈ ಎಂಬ ಅಚ್ಚಿನ ಮೇಲಿಟ್ಟು ನಾಲ್ಕಾರು ಏಟು ಕೊಟ್ಟರೆ ಗೇರ್‌ನ ಆಕಾರ ಬಂತು. ಗಿರಾಕಿ ಕೇಳುವುದು ಕಣ್ಣಿಗೆ ಕಾಣದ್ದನ್ನೂ: ಉಕ್ಕಿನೊಳಗಿನ ಹರಳುಕಣ, ಇಲ್ಲಿಯವರ ಬಾಯಲ್ಲಿ ‘ಗ್ರೇನ್’. ಅದು ಸಣ್ಣದಾದಷ್ಟೂ ಉಕ್ಕಿಗೆ ಬಲ ಹೆಚ್ಚು, ಪೆಟ್ಟು ತಾಳುವ ಗುಣವೂ ಹೆಚ್ಚು.

ಏಟು ಬಿದ್ದ ಬಿಸಿ ಉಕ್ಕಿನಲ್ಲಿ ಹಳೆಯ ದಪ್ಪ ಕಣಗಳ ಜಾಗದಲ್ಲಿ ಹೊಸ ಸಣ್ಣವು ಹುಟ್ಟುತ್ತವೆ. ಬಿಸಿ ಇನ್ನೂ ಹೆಚ್ಚಿದ್ದರೆ ಅವೂ ಒಂದನ್ನೊಂದು ನುಂಗಿ ಬೆಳೆಯುತ್ತವೆ. ಆದ್ದರಿಂದ ಕೊನೆಯ ಏಟು ಬಿಸಿ ತಗ್ಗಿದ ಮೇಲೆ, ಆದರೂ ಜೋರಾಗಿ ಬೀಳಬೇಕು. ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. ಡೈ ಬದಲಿಸಲು ಹ್ಯಾಮರ್ ನಿಂತಿತ್ತು. ಬಿಲೆಟ್‌ಗಳು ಫರ್ನೇಸ್ ಒಳಗೇ ಇದ್ದವು. “ಹ್ಯಾಮರ್ ನಿಂತ್ರ ಬೆಂಕಿ ಇಳಿಸ್ಬೇಕ್ರೀ ಸರ. ಚಾ ಆಮೇಲ,” ಎಂದರು ವಿಜಯಪುರ ಕಡೆಯ ಹ್ಯಾಮರ್‌ಮನ್. ಗ್ರೇನ್ ಕೆಡುವುದು ಕೆಲಸ ನಡೆವಾಗ ಕಡಿಮೆ, ಇಂಥ ಬಿಡುವಿನಲ್ಲೇ ಹೆಚ್ಚು ಅನ್ನಿಸಿತು.

ಗ್ರೇನಿನ ಕಾವಲು ಶುರುವಾಗುವುದು ಉಕ್ಕು ಕರಗಿಸುವಲ್ಲಿ. ಥಾಣೆ–ಬೇಲಾಪುರ ರಸ್ತೆಯ ದಿಘೆಯಲ್ಲಿ ಕಾರ್ಖಾನೆಯುಳ್ಳ ಮುಕುಂದ್ ಕಂಪನಿ, ಕಲ್ಯಾಣಿ ಸ್ಟೀಲ್ಸ್ ಜೊತೆಗೂಡಿ ನಮ್ಮ ಕೊಪ್ಪಳದ ಗಿಣಿಗೇರಿಯಲ್ಲಿ ಮಿಶ್ರಲೋಹದ ಉಕ್ಕು ತಯಾರಿಸುತ್ತದೆ. ಸಣ್ಣ ಗ್ರೇನಿನ ಉಕ್ಕಿಗೆ ಶೇ. 0.02ರಿಂದ 0.04ರಷ್ಟು ಅಲ್ಯುಮಿನಿಯಂ ಸೇರಿಸುವುದು ರೂಢಿ. ಅದು ನೈಟ್ರೋಜನ್ ಜೊತೆ ಕೂಡಿ ಕಣಗಳ ಅಂಚಿಗೆ ಗೂಟ ಹೊಡೆದಂತೆ ನಿಲ್ಲುತ್ತದೆ. ಆದರೆ 1,100 ಡಿಗ್ರಿ ದಾಟಿದರೆ ಗೂಟಗಳೇ ಕರಗುತ್ತ ಹೋಗುತ್ತವೆ. ಫೋರ್ಜಿಂಗ್ ಶುರುವಾಗುವುದೇ ಅದಕ್ಕೂ ಮೇಲೆ. ಎಲ್ಲವನ್ನೂ ಅಲ್ಯುಮಿನಿಯಂ ಮೇಲೆ ಬಿಟ್ಟು ಕೂರುವಂತಿಲ್ಲ.

ನವಿ ಮುಂಬಯಿಯ ಲ್ಯಾಬ್ ಒಂದರಲ್ಲಿ ಹೀಗೆ ಏಟು ತಿಂದ ಉಕ್ಕಿನ ತುಂಡು ಕೊಯ್ದು, ಕನ್ನಡಿಯಂತೆ ಉಜ್ಜಿ, ಆಲ್ಕೋಹಾಲ್‌ಗೆ ಬೆರೆಸಿದ ನೈಟ್ರಿಕ್ ಆಮ್ಲ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರು. ನೂರು ಪಟ್ಟು ಹಿಗ್ಗಿಸಿದಾಗ ಒಂದು ಚದರ ಇಂಚಿನಲ್ಲಿ 16 ಕಣ ಕಂಡರೆ ಗ್ರೇನ್ ಸಂಖ್ಯೆ 5. 128 ಕಂಡರೆ 8. ಸಂಖ್ಯೆ ಏರಿದಂತೆ ಕಣ ಸಣ್ಣದು. ನಾನು ನೋಡಿದ ತುಂಡಿನಲ್ಲಿ ಸಣ್ಣ ಕಣಗಳ ನಡುವೆ ದಪ್ಪನೆಯವು ಗುಂಪುಗೂಡಿದ್ದವು. ಸರಾಸರಿ ತೆಗೆದರೆ ಪಾಸು. ಲ್ಯಾಬಿನವರು ಸರಾಸರಿ ಬರೆಯದೆ ಫೋಟೊ ತೆಗೆದರು. ಆ ತುಂಡು ಬಂದ ಲಾಟ್ 900 ಡಿಗ್ರಿಯಲ್ಲಿ ನಾರ್ಮಲೈಸಿಂಗ್‌ಗೆ, ಅಂದರೆ ಮತ್ತೆ ಕಾಯಿಸಿ ಗಾಳಿಯಲ್ಲಿ ಆರಿಸಿ ಗ್ರೇನ್ ಸರಿಪಡಿಸಲು, ವಾಪಸ್ಸಾಯಿತು. ಮುಂದಿನ ತುಂಡನ್ನು ಹ್ಯಾಮರ್ ಏಟು ಅಷ್ಟಾಗಿ ಮುಟ್ಟದ ದಪ್ಪ ಭಾಗದಿಂದಲೇ ಕೊಯ್ಯಬೇಕೆಂದು ಚೀಟಿಯಲ್ಲಿ ಬರೆದರು.